ಗೋಡೆಗೊಂದು ಕ್ಯಾಲೆಂಡರ್: ಡಬ್ಬಿ ಊಟದ ಅಡುಗೆಮನೆಯಿಂದ

ಡಿಸೆಂಬರ್ ಮುಗಿಯುವ ಹೊತ್ತಿಗೆ ನಮ್ಮ ಮನೆಗೆ 2026ರ ಐದು ಕ್ಯಾಲೆಂಡರ್ ಬಂದವು. ನಾಲ್ಕು ಪುಕ್ಕಟೆ ಬಂದದ್ದು, ಒಂದಕ್ಕೆ 60 ರೂಪಾಯಿ ಕೊಟ್ಟೆ. ಐದನ್ನೂ ಅಡುಗೆಮನೆಯಲ್ಲಿ ಇಟ್ಟುಕೊಂಡು ಒಂದು ವಾರ ನೋಡಿದ್ದೇನೆ. ಯಾವುದನ್ನು ಗೋಡೆಗೆ ಹಾಕಬೇಕು, ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮನೆಯಿಂದ ಅಡುಗೆ ಮಾಡಿ ಕಳಿಸುವ ಹೆಂಗಸರಿಗೆ ಇದು ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಗಟ್ಟಿ ನಂಬಿಕೆ.

ನಾನು ಕಾರವಾರದ ಕೋಡಿಬಾಗದವಳು. ಹನ್ನೊಂದು ವರ್ಷದಿಂದ ಮನೆಯಿಂದಲೇ ಊಟದ ಡಬ್ಬಿ ಕಳಿಸುತ್ತೇನೆ. ದಿನಕ್ಕೆ ಸುಮಾರು 40 ಡಬ್ಬಿ. ಬ್ಯಾಂಕಿನವರು, ಎರಡು ಆಫೀಸಿನವರು, ಒಂಟಿಯಾಗಿರುವ ಕೆಲವು ಹಿರಿಯರು. ಕರೆ ಬಂದರೆ ಸಣ್ಣಪುಟ್ಟ ಕಾರ್ಯಕ್ರಮಕ್ಕೆ ತಾಟಿನ ಲೆಕ್ಕದಲ್ಲಿ ಊಟವನ್ನೂ ಮಾಡಿಕೊಡುತ್ತೇನೆ. ಹೆಚ್ಚಿನವರಿಗೆ ಬೇಕಾಗಿರುವುದು ಮೀನಿನ ಊಟ. ಅನ್ನ, ಬಂಗಡೆ ಹುಳಿ ಇಲ್ಲವೇ ಸಿಗಡಿ ಸಾರು, ಒಂದು ಹುರಿದ ತುಂಡು, ಸೋಲ್ ಕಡಿ.

ಆದರೆ ಮೀನಿನ ಊಟ ಅಂದರೆ ದಿನಾ ಮೀನಲ್ಲ. ಹೊರಗಿನವರಿಗೆ ಇದು ಬೇಗ ಅರ್ಥವಾಗುವುದಿಲ್ಲ. ನನ್ನ ಡಬ್ಬಿ ತೆಗೆದುಕೊಳ್ಳುವ ಮನೆಗಳಲ್ಲಿ ಸೋಮವಾರ ಮೀನಿಲ್ಲ, ಗುರುವಾರ ಇಲ್ಲ, ಶನಿವಾರ ಇಲ್ಲ. ಏಕಾದಶಿ, ಸಂಕಷ್ಟಿ ಬೇರೆ. ಒಬ್ಬೊಬ್ಬರಿಗೆ ಒಂದೊಂದು ವಾರ. ಹಾಗಾಗಿ ನನಗೆ ಕ್ಯಾಲೆಂಡರ್ ಅಂದರೆ ತಾರೀಕು ನೋಡುವ ಹಾಳೆಯಲ್ಲ. ನಾಳೆ ಬೆಳಿಗ್ಗೆ ಮಾರ್ಕೆಟ್ಟಿಗೆ ಚೀಲ ಹಿಡಿದು ಹೋಗಬೇಕೋ, ರಾತ್ರಿಯೇ ಹೆಸರುಕಾಳು ನೆನೆಸಬೇಕೋ ಅಂತ ಹೇಳುವುದು ಅದೇ.

ಈ ಸಲದ ವರ್ಷದ ಕೊನೆಯನ್ನೇ ನೋಡಿ. ಕ್ರಿಸ್‌ಮಸ್ ಗುರುವಾರ ಬಂತು. ಹೊಸ ವರ್ಷವೂ ಗುರುವಾರವೇ. ಡಿಸೆಂಬರ್ 30 ಮಂಗಳವಾರ, ಮೀನಿಗೆ ಒಳ್ಳೆಯ ದಿನ. ಆದರೆ ಅಂದು ವೈಕುಂಠ ಏಕಾದಶಿ. ಜನವರಿ 3 ಶನಿವಾರ ಹುಣ್ಣಿಮೆ. ಜನವರಿ 6 ಮತ್ತೆ ಮಂಗಳವಾರ, ಅಂದು ಅಂಗಾರಕ ಸಂಕಷ್ಟಿ. ಡಿಸೆಂಬರ್ 25ರಿಂದ ಜನವರಿ 6ರವರೆಗೆ 13 ದಿನ ಆಯಿತಲ್ಲ, ಬೆರಳು ಮಡಚಿ ಎಣಿಸಿದೆ. ನನ್ನ ಮನೆಗಳ ಲೆಕ್ಕದಲ್ಲಿ ಮೀನು ನಡೆಯುವುದು ಐದೇ ದಿನ. 26, 28, 31, ಆಮೇಲೆ 2 ಮತ್ತು 4.

ಇದೇ 13 ದಿನದಲ್ಲಿ ಊರಿಗೆ ಜನ ಬರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಪಂಚಗಂಗಾ ರೈಲಿನಲ್ಲಿ ಬಂದು ಇಳಿಯುತ್ತಾರೆ. ಅವರ ಜೊತೆ ಗೆಳೆಯರು. ಗೋವಾಕ್ಕೆ ಹೋಗುವವರು ಒಂದು ರಾತ್ರಿ ಇಲ್ಲಿ ನಿಲ್ಲುತ್ತಾರೆ. ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ತಿರುಗಾಡಿ, ಚಾಪಲ್ ಯುದ್ಧನೌಕೆ ನೋಡಿ, ಮಧ್ಯಾಹ್ನ ಎಲ್ಲರಿಗೂ ಮೀನು ಬೇಕು. "ಅಕ್ಕಾ, ಒಂದನೇ ತಾರೀಕು ಹತ್ತು ತಾಟು ಆಗ್ತದಾ?" ಅಂತ ಫೋನು. ಆಗುತ್ತದೆ, ಆದರೆ ಆ ಹತ್ತರಲ್ಲಿ ಅಜ್ಜಿ ಒಬ್ಬರು ಇರುತ್ತಾರೆ, ಗುರುವಾರ ಅವರು ಮೀನು ಮುಟ್ಟುವುದಿಲ್ಲ. ಮಕ್ಕಳಿಗೆ ಅದರ ನೆನಪೇ ಇರುವುದಿಲ್ಲ. ಅವರಿಗೆ ಬೇರೆ ಮಾಡಬೇಕು, ಬೇರೆ ಪಾತ್ರೆಯಲ್ಲಿ ಮಾಡಬೇಕು. ಹಿರಿಯರಿಗೆ ಒಂದು ಊಟ ಸರಿಯಾಗಿ ಸಿಗದಿದ್ದರೆ ನನಗೆ ಅವತ್ತು ನಿದ್ದೆ ಬರುವುದಿಲ್ಲ.

ಜೊತೆಗೆ ದಾರಿ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿಗೆ ಬಿತ್ತಲ್ಲ, ಅಂದಿನಿಂದ ಹೋಗುವ ಗಾಡಿಗೂ ಬರುವ ಗಾಡಿಗೂ ಒಂದೇ ಸೇತುವೆ. ಬೇರೆ ದಿನ ಪರವಾಗಿಲ್ಲ. ಡಿಸೆಂಬರ್ 24 ದಾಟಿದ ಮೇಲೆ ಗೋವಾ ಕಡೆಗೆ ಕಾರುಗಳ ಸಾಲು. ಸದಾಶಿವಗಡಕ್ಕೆ ನನ್ನ ಏಳು ಡಬ್ಬಿ ಹೋಗುತ್ತವೆ. ಹನ್ನೆರಡೂವರೆಗೆ ಹೊರಡುವ ಹುಡುಗನನ್ನು ಆ ವಾರ ಹನ್ನೊಂದೂಮುಕ್ಕಾಲಿಗೇ ಕಳಿಸಬೇಕು. ಅಂದರೆ ಒಲೆ ಹೊತ್ತಿಸುವುದೂ ಮುಕ್ಕಾಲು ಗಂಟೆ ಮೊದಲು. ಇದನ್ನೂ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಈಗ ನನಗಾದ ಒಂದು ತಾಪತ್ರಯ ಹೇಳುತ್ತೇನೆ.

ಡಿಸೆಂಬರ್ 20ಕ್ಕೆ ಒಂದು ಆಫೀಸಿನಿಂದ ಫೋನು ಬಂತು. ಒಬ್ಬರಿಗೆ ವರ್ಗ ಆಗಿದೆ, ಬೀಳ್ಕೊಡುಗೆ ಊಟ, ಜನವರಿ 6, ಮಂಗಳವಾರ, 22 ತಾಟು, ಬಂಗಡೆ ಹುರಿದು ಕೊಡಬೇಕು. ಮಂಗಳವಾರ ಅಂದ ಕೂಡಲೇ ಒಪ್ಪಿಕೊಂಡೆ. ಗೋಡೆಯಲ್ಲಿ ಇದ್ದದ್ದು 2025ರ ಕ್ಯಾಲೆಂಡರ್. ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಕೆಳಗಿನ ಖಾಲಿ ಅಂಚಿನಲ್ಲಿ "ಜ. 6, 22" ಅಂತ ಬರೆದೆ. ಮೊಬೈಲ್ ತೆಗೆದು ನೋಡಿದೆ. ಮಂಗಳವಾರವೇ. ಆದರೆ ಮೊಬೈಲಿನ ಕ್ಯಾಲೆಂಡರ್ ಸಂಕಷ್ಟಿ ತೋರಿಸಲಿಲ್ಲ. ತಿಥಿ ಇರುವ ಹೊಸ ಕ್ಯಾಲೆಂಡರ್ ಕೈಗೆ ಬಂದದ್ದು 28ಕ್ಕೆ. ಜನವರಿ ಹಾಳೆ ತೆರೆದೆ, 6ರ ಮನೆಯಲ್ಲಿ ಚಂದ್ರನ ಗುರುತು, ಕೆಳಗೆ ಸಣ್ಣ ಅಕ್ಷರದಲ್ಲಿ ಅಂಗಾರಕ ಸಂಕಷ್ಟಿ. ಕೈ ತಣ್ಣಗಾಯಿತು.

ಸಾಮಾನ್ಯ ಸಂಕಷ್ಟಿ ಆಗಿದ್ದರೆ ನಾಲ್ಕೈದು ಜನ ಬಿಡುತ್ತಿದ್ದರು. ಮಂಗಳವಾರ ಬರುವ ಸಂಕಷ್ಟಿಗೆ ತೂಕ ಜಾಸ್ತಿ. ವರ್ಷಕ್ಕೆ ಒಂದೋ ಎರಡೋ ಬರುವಂಥದ್ದು. ಬೇರೆ ತಿಂಗಳು ಹಿಡಿಯದವರೂ ಅವತ್ತು ಉಪವಾಸ ಮಾಡುತ್ತಾರೆ, ಇಡಗುಂಜಿ ಗಣಪತಿಗೆ ಹೋಗಿ ಬರುವವರೂ ಇದ್ದಾರೆ. ಆಫೀಸಿಗೆ ಫೋನು ಮಾಡಿದೆ. ಅವರೂ ನೋಡಿರಲಿಲ್ಲ. ಒಂದು ಗಂಟೆ ಬಿಟ್ಟು ತಿರುಗಿ ಮಾಡಿದರು. 22ರಲ್ಲಿ 9 ಜನರಿಗೆ ಉಪವಾಸ. ವರ್ಗವಾದವರಿಗೇ ಉಪವಾಸ! ಊಟವನ್ನು 7ಕ್ಕೆ, ಬುಧವಾರಕ್ಕೆ ಹಾಕಿದರು. ಬಂಗಡೆಗೆ ಹೇಳಿಟ್ಟಿದ್ದ ಮೀನು ಮಾರುವ ಹೆಂಗಸಿಗೂ ತಿಳಿಸಿದೆ. "ನನಗೆ ಗೊತ್ತಿತ್ತು, ನೀವು ಯಾಕೆ ಮಂಗಳವಾರ ಹೇಳಿದಿರಿ ಅಂತ ನಾನೇ ಯೋಚನೆ ಮಾಡ್ತಿದ್ದೆ" ಅಂದರು ಅವರು. ಮೀನು ಮಾರುವವರಿಗೆ ತಿಥಿ ಬಾಯಿಪಾಠ ಇರುತ್ತದೆ. ಅವತ್ತು ಬುಟ್ಟಿ ಖಾಲಿಯಾಗುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತು.

ಅದಕ್ಕೇ ಈ ಸಲ ಐದನ್ನೂ ಕೂತು ಪರೀಕ್ಷೆ ಮಾಡಿದೆ.

ಬಂಗಾರದ ಅಂಗಡಿಯದು ನೋಡಲು ಬಹಳ ಚೆಂದ. ಲಕ್ಷ್ಮಿಯ ದೊಡ್ಡ ಚಿತ್ರ, ಕಾಗದ ಕನ್ನಡಿಯ ಹಾಗೆ ಹೊಳೆಯುತ್ತದೆ. ಆದರೆ ಹಾಳೆಯ ಮುಕ್ಕಾಲು ಭಾಗ ಚಿತ್ರ ಮತ್ತು ಅಂಗಡಿಯ ಹೆಸರಿಗೇ ಹೋಗಿದೆ. ತಾರೀಕು ನನ್ನ ಕಿರುಬೆರಳ ಉಗುರಿನಷ್ಟು. ಬಾಲ್‌ಪೆನ್ನಿನಿಂದ ಬರೆದರೆ ಜಾರುತ್ತದೆ, ಜೆಲ್ ಪೆನ್ನಿನಿಂದ ಬರೆದರೆ ಒರೆಸಿಹೋಗುತ್ತದೆ. ತಿಥಿ ಇಲ್ಲವೇ ಇಲ್ಲ. ದೇವರ ಮನೆಯ ಹೊರಗೆ ಹಾಕಿದ್ದೇನೆ, ಅಲ್ಲಿಗೆ ಒಪ್ಪುತ್ತದೆ.

ಸಹಕಾರಿ ಬ್ಯಾಂಕಿನದು ಚಿತ್ರವಿಲ್ಲದ್ದು. ಹನ್ನೆರಡು ಹಾಳೆ, ದಪ್ಪ ಅಂಕಿ, ಹತ್ತು ಅಡಿ ದೂರದಿಂದ ಕಾಣುತ್ತದೆ. ನನಗೆ ಇದರಿಂದ ಒಂದು ದೊಡ್ಡ ಉಪಕಾರ. ಎರಡನೇ, ನಾಲ್ಕನೇ ಶನಿವಾರವನ್ನು ಕೆಂಪಿನಲ್ಲಿ ಹಾಕಿದ್ದಾರೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಆ ಎರಡು ಶನಿವಾರ ರಜೆ. ಅವತ್ತು ನನ್ನ 11 ಡಬ್ಬಿ ಕಡಿಮೆ. ಮೊದಲೆಲ್ಲ ಮರೆತು ಅನ್ನ ಜಾಸ್ತಿ ಮಾಡಿ, ಸಂಜೆ ಅದನ್ನೇ ಎಲ್ಲರೂ ತಿನ್ನಬೇಕಾಗುತ್ತಿತ್ತು. ಆದರೆ ಇದರಲ್ಲೂ ಸಂಕಷ್ಟಿ, ಏಕಾದಶಿ ಇಲ್ಲ. ಬರೀ ಸರ್ಕಾರಿ ರಜೆ.

ಮೆಡಿಕಲ್ ಅಂಗಡಿಯವರು ಕೊಟ್ಟದ್ದು ಒಂದೇ ರಟ್ಟು. ಇಡೀ ವರ್ಷ ಒಂದೇ ನೋಟಕ್ಕೆ. ಬರೆಯಲು ಆಗುವುದಿಲ್ಲ, ಆದರೆ ಫೋನು ಬಂದಾಗ "ಮೇ 9 ಯಾವ ವಾರ?" ಅಂತ ಕೇಳಿದರೆ ಥಟ್ಟನೆ ಹೇಳಬಹುದು. ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ.

ನಾಲ್ಕನೆಯದು ಪಕ್ಕದ ಮನೆಯ ಅಕ್ಕ ಕ್ರಿಸ್‌ಮಸ್ ದಿನ ಕುಸ್ವಾರಿನ ತಟ್ಟೆಯ ಜೊತೆ ತಂದುಕೊಟ್ಟ ಚರ್ಚಿನ ಕ್ಯಾಲೆಂಡರ್. ನೇವರಿ, ಕುಲ್‌ಕುಲ್, ಒಂದು ತುಂಡು ಕೇಕ್, ಅದರ ಕೆಳಗೆ ಸುರುಳಿ ಸುತ್ತಿದ ಕ್ಯಾಲೆಂಡರ್. ಇದನ್ನು ನಾನು ಪ್ರತಿ ವರ್ಷ ಕೇಳಿ ತೆಗೆದುಕೊಳ್ಳುತ್ತೇನೆ. ನನ್ನ ಡಬ್ಬಿಯವರಲ್ಲಿ ಕ್ರಿಶ್ಚಿಯನ್ನರ ಮನೆ ಐದಿವೆ. ಈ ವರ್ಷ ಫೆಬ್ರುವರಿ 18ಕ್ಕೆ ಬೂದಿ ಬುಧವಾರ, ಅಲ್ಲಿಂದ ಅವರ ಉಪವಾಸದ ಕಾಲ, ಏಪ್ರಿಲ್ 3 ಗುಡ್ ಫ್ರೈಡೆ, 5 ಈಸ್ಟರ್. ಆ ದಿನಗಳಲ್ಲಿ ಶುಕ್ರವಾರ ಅವರು ಮಾಂಸ ಬಿಟ್ಟು ಮೀನು ಕೇಳುತ್ತಾರೆ. ನಮ್ಮವರು ಬಿಡುವ ದಿನ ಬೇರೆ, ಅವರು ಬಿಡುವ ದಿನ ಬೇರೆ, ಬಿಡುವ ಪದಾರ್ಥವೂ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳದೆ ನನ್ನ ಒಲೆ ನಡೆಯುವುದಿಲ್ಲ.

ಐದನೆಯದೇ ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು. ಅಡುಗೆಮನೆಯ ಗೋಡೆಗೆ ಹೋದದ್ದು ಇದೇ.

ಮೊದಲನೆಯದಾಗಿ ಕಾಗದ. ಹೊಳಪಿಲ್ಲ, ಸ್ವಲ್ಪ ಒರಟು. ಒದ್ದೆ ಬೆರಳಿನಿಂದ ಮುಟ್ಟಿದರೂ ಶಾಯಿ ಹರಡಲಿಲ್ಲ. ಒಂದು ತಾರೀಕಿನ ಮನೆಯನ್ನು ಸ್ಕೇಲ್ ಇಟ್ಟು ಅಳೆದೆ. ಅಗಲ ಆರು ಸೆಂಟಿಮೀಟರ್, ಎತ್ತರ ಐದು. ಮೇಲೆ ಎಡಕ್ಕೆ ಅಂಕಿ, ಬಲಕ್ಕೆ ತಿಥಿ, ಅದರ ಕೆಳಗೆ ನಕ್ಷತ್ರ. ಕೆಳಗಿನ ಅರ್ಧ ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಜಾಗಕ್ಕೇ ನಾನು 60 ರೂಪಾಯಿ ಕೊಟ್ಟದ್ದು. ಅಲ್ಲಿ ನಾನು ಮೂರು ಸಾಲು ಬರೆಯುತ್ತೇನೆ: ಎಷ್ಟು ಡಬ್ಬಿ, ಏನು ಅಡುಗೆ, ಯಾರಿಗೆ ಬೇರೆ. ಅಮಾವಾಸ್ಯೆಗೆ ಕಪ್ಪು ಚುಕ್ಕೆ, ಹುಣ್ಣಿಮೆಗೆ ಬಿಳಿ ಚುಕ್ಕೆ ಇದೆ. ಅದು ಕೋಡಿಬಾಗದವರಿಗೆ ಬಹಳ ಬೇಕು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಸಮುದ್ರದ ಏರಿಳಿತ ಜಾಸ್ತಿ. ಇಳಿತಕ್ಕೆ ಕಾಳಿ ನದಿಯ ಮರಳ ದಿಬ್ಬ ಮೇಲೆ ಕಾಣುತ್ತದೆ, ಹೆಂಗಸರು ಬುಟ್ಟಿ ಹಿಡಿದು ತಿಸ್ರೆ, ಅಂದರೆ ಚಿಪ್ಪುಮೀನು, ಹೆಕ್ಕಲು ಇಳಿಯುತ್ತಾರೆ. ಜನವರಿ 2, ಶುಕ್ರವಾರ, ಹುಣ್ಣಿಮೆಯ ಹಿಂದಿನ ದಿನ. ಬೆಳಿಗ್ಗೆ ಬಾಗಿಲಿಗೇ ತಿಸ್ರೆ ಬಂತು. ಅವತ್ತಿನ ಡಬ್ಬಿಗೆ ತಿಸ್ರೆ ಸುಕ್ಕೆ ಮಾಡಿದೆ. ಕಾಯಿ ತುರಿ ಜಾಸ್ತಿ ಹಾಕಿ, ಸ್ವಲ್ಪ ಬಿರಿಂಡೆ (ಕೋಕಂ) ಸಿಪ್ಪೆ. ಒಂದು ಡಬ್ಬಿಯೂ ಉಳಿದು ವಾಪಸ್ ಬರಲಿಲ್ಲ.

ಮರುದಿನ ಹುಣ್ಣಿಮೆ, ಕೂರ್ಮಗಡದ ನರಸಿಂಹನ ಜಾತ್ರೆ. ದೋಣಿಯಲ್ಲಿ ಬಾಳೆಗೊನೆ ಇಟ್ಟುಕೊಂಡು ಜನ ದ್ವೀಪಕ್ಕೆ ಹೋಗುತ್ತಾರೆ. ಕ್ಯಾಲೆಂಡರಿನಲ್ಲಿ ಅದರ ಹೆಸರು ಇರಲಿಲ್ಲ. ನಮ್ಮ ಜಿಲ್ಲೆಯ ಜಾತ್ರೆಗಳಲ್ಲಿ ಶಿರಸಿ ಮಾರಿಕಾಂಬೆಯದೊಂದು ಮಾತ್ರ ಹಾಕಿದ್ದಾರೆ. ಅದು ಎರಡು ವರ್ಷಕ್ಕೊಮ್ಮೆ ಬರುವ ದೊಡ್ಡ ಜಾತ್ರೆ, 2024ರಲ್ಲಿ ಆಗಿತ್ತು, ಈ ವರ್ಷ ಮತ್ತೆ. ಹಾಕಿದ್ದು ಸರಿಯೇ. ಆದರೆ ಕರಾವಳಿಯಲ್ಲಿ ಮಾರುವ ಕ್ಯಾಲೆಂಡರಿಗೆ ಕೂರ್ಮಗಡವೂ ಬೇಕಲ್ವಾ? ನಾನೇ ಹಸಿರು ಪೆನ್ನಿನಲ್ಲಿ ಬರೆದುಕೊಂಡೆ.

ಇನ್ನೊಂದು ಕೊರತೆ ಚಂದ್ರೋದಯದ್ದು. ಸಂಕಷ್ಟಿ ಹಿಡಿದವರು ಚಂದ್ರನನ್ನು ನೋಡಿಯೇ ಊಟ ಮಾಡುವುದು. ಇದರಲ್ಲಿ ಕೊಟ್ಟಿರುವ ವೇಳೆ ಬೆಂಗಳೂರಿನದು. ನಾವು ಅಲ್ಲಿಗಿಂತ ಪಶ್ಚಿಮಕ್ಕೆ ಇದ್ದೇವೆ. ಸೂರ್ಯನೂ ಚಂದ್ರನೂ ನಮ್ಮಲ್ಲಿ ಸುಮಾರು ಕಾಲು ಗಂಟೆ ತಡವಾಗಿ ಹುಟ್ಟುತ್ತಾರೆ. ಕಾಲು ಗಂಟೆ ಏನು ಮಹಾ ಅನ್ನಬೇಡಿ. ಈ ತಿಂಗಳ ಸಂಕಷ್ಟಿಗೆ ಚಂದ್ರ ಬರುವಾಗ ರಾತ್ರಿ ಒಂಬತ್ತು ದಾಟುತ್ತದೆ. ಬೆಳಿಗ್ಗೆಯಿಂದ ಹಸಿದುಕೊಂಡ 70 ವರ್ಷದವರು ತಾಟು ಬಡಿಸಿಕೊಂಡು ಅಂಗಳಕ್ಕೆ ಹೋಗಿ, ಚಂದ್ರ ಕಾಣದೆ ವಾಪಸ್ ಬಂದು ಕೂರುವುದನ್ನು ನಾನು ನೋಡಿದ್ದೇನೆ.

ನೋಡಿದ್ದು ನಮ್ಮ ಅತ್ತೆಯನ್ನೇ. ಅವರ ತವರು ಸಾವಂತವಾಡಿ ಕಡೆ. ಮರಾಠಿ ಕಾಲನಿರ್ಣಯ ಕ್ಯಾಲೆಂಡರ್ ನೋಡುತ್ತಾ ಬಂದವರು. ಜಯಂತ ಸಾಳಗಾಂವಕರ ಅದನ್ನು ಶುರುಮಾಡಿದ್ದು 1973ರಲ್ಲಿ. ಅವರು ಮಾಲವಣದವರು, "ನಮ್ಮ ಕಡೆಯವರು" ಅಂತ ಅತ್ತೆಗೆ ಅಭಿಮಾನ. ಕಾರವಾರಕ್ಕೆ ಬಂದ ಮೇಲೆ ಬಗ್ಗೋಣ ಪಂಚಾಂಗವನ್ನೂ ಇಟ್ಟುಕೊಳ್ಳಲು ಕಲಿತರು. ಕುಮಟಾದ ಬಗ್ಗೋಣದ್ದು. ನಮ್ಮ ಜಿಲ್ಲೆಯಲ್ಲಿ ಬಹಳ ಮನೆಗಳ ದೇವರ ಗೂಡಿನಲ್ಲಿ ಅದು ಇರುತ್ತದೆ.

ಬಂಗಡೆಯ ಆರ್ಡರ್ ತಾಪತ್ರಯವನ್ನು 28ರ ರಾತ್ರಿ ಅತ್ತೆಗೆ ಹೇಳಿದೆ. ಅವರು ಮಾತಾಡಲಿಲ್ಲ. ಎದ್ದು ಹೋಗಿ ಗೂಡಿನಿಂದ ಪಂಚಾಂಗ ತಂದರು. ಕುಂಕುಮದ ಕಲೆ ಆದ ಹೊದಿಕೆ, ವಿಶ್ವಾವಸು ಸಂವತ್ಸರ. ಪುಷ್ಯ ಮಾಸದ ಪುಟ ತೆರೆದು ಬೆರಳಿಟ್ಟು ತೋರಿಸಿದರು. ಸಂಕಷ್ಟಿ ಅಲ್ಲೇ ಇತ್ತು. "ಇದು ಯುಗಾದಿಯಿಂದ ಯುಗಾದಿಗೆ ಮಗಾ. ಡಿಸೆಂಬರಿಗೆ ಮುಗಿಯುವುದಿಲ್ಲ" ಅಂದರು. ನಾನು ಕೂತುಬಿಟ್ಟೆ. ಹೌದಲ್ಲ! ಕಳೆದ ಯುಗಾದಿಗೆ ತಂದ ಪುಸ್ತಕದಲ್ಲಿ ಈ ಮಾರ್ಚ್ 18ರವರೆಗಿನ ಎಲ್ಲ ದಿನವೂ ಇದೆ. ಡಿಸೆಂಬರ್ 20ಕ್ಕೆ ಫೋನು ಹಿಡಿದು ಹತ್ತು ಹೆಜ್ಜೆ ನಡೆದು ದೇವರ ಗೂಡಿಗೆ ಹೋಗಿದ್ದರೆ ಸಾಕಿತ್ತು. ಅದಕ್ಕೇ ಹೇಳುತ್ತೇನೆ, ನವೆಂಬರ್, ಡಿಸೆಂಬರಿನಲ್ಲಿ ಮುಂದಿನ ವರ್ಷದ ಆರ್ಡರ್ ಹಿಡಿಯುವವರು ಪಂಚಾಂಗ ನೋಡಿಯೇ ಹಿಡಿಯಿರಿ. ಕ್ಯಾಲೆಂಡರ್ ಮಾಡುವವರಲ್ಲೂ ಒಂದು ಕೇಳಿಕೆ: ಡಿಸೆಂಬರ್ ಹಾಳೆಯ ಕೆಳಗೆ ಜನವರಿಯ ಮೊದಲ ಹದಿನೈದು ದಿನ ತಿಥಿ ಸಮೇತ ಹಾಕಿ. ಅಷ್ಟು ಜಾಗ ಇದ್ದೇ ಇದೆ. ಈಗ ಅಲ್ಲಿ ಜಾಹೀರಾತು ಇದೆ.

ತಗಡಿನ ಪಟ್ಟಿಯ ವಿಷಯ ಬಿಟ್ಟುಹೋಯಿತು. ಹಾಳೆಗಳನ್ನು ಮೇಲೆ ಹಿಡಿದಿರುವ ಆ ಪಟ್ಟಿ ಘಟ್ಟದ ಮೇಲೆ ವರ್ಷಗಟ್ಟಲೆ ಹಾಗೇ ಇರಬಹುದು. ಸಮುದ್ರದ ಗಾಳಿಗೆ ನಮ್ಮಲ್ಲಿ ಮಳೆಗಾಲದೊಳಗೆ ತುಕ್ಕು. ಜುಲೈ ಹೊತ್ತಿಗೆ ಗೋಡೆಯ ಮೇಲೆ ಕಂದು ಗೆರೆ ಇಳಿಯುತ್ತದೆ, ಹಾಳೆ ಮಗುಚುವಾಗ ಕಿತ್ತು ಬರುತ್ತದೆ. ಮಗಳ ಉಗುರಿನ ಬಣ್ಣ ತೆಗೆದು ಪಟ್ಟಿಯ ಎರಡೂ ಬದಿಗೆ, ಮೊಳೆಗೆ ಸಿಕ್ಕಿಸುವ ತೂತಿನ ಸುತ್ತಲೂ ಬಳಿದೆ. ಹೋದ ವರ್ಷ ಹೀಗೆ ಮಾಡಿದ್ದು ಡಿಸೆಂಬರಿನವರೆಗೂ ತಡೆಯಿತು. ಕೆಳಗೆ ಎರಡು ಬಟ್ಟೆಯ ಕ್ಲಿಪ್ ಹಾಕಿ, ಇಲ್ಲದಿದ್ದರೆ ಮಧ್ಯಾಹ್ನದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ.

ಈ ಐದನೆಯ ಕ್ಯಾಲೆಂಡರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬೆಂಗಳೂರಿನ ಚಂದ್ರನಿಗೂ ಆ ಜಾಹೀರಾತಿಗೂ ಸೇರಿ ಒಂದು ಕಡಿಮೆ.

ಇವತ್ತು ಭಾನುವಾರ, ಜನವರಿ 4. ಊಟದ ಕೆಲಸ ಮುಗಿಸಿ ಹಳೆಯದರಿಂದ ಹೊಸದಕ್ಕೆ ಬರೆದುಕೊಳ್ಳುತ್ತಾ ಕೂತೆ. ಹುಟ್ಟುಹಬ್ಬ, ಶ್ರಾದ್ಧದ ತಿಥಿ, ಸಿಲಿಂಡರ್ ಬಂದ ದಿನ. 2025ರ ಹಾಳೆಗಳಲ್ಲಿ ಅರಿಶಿನದ ಬೆರಳಚ್ಚು ಎಷ್ಟೊಂದು. ಹಬ್ಬಗಳನ್ನು ಮಾತ್ರ ಹಾಗೇ ಇಳಿಸಿಕೊಳ್ಳುವ ಹಾಗಿಲ್ಲ. ಈ ವರ್ಷ ಅಧಿಕ ಜ್ಯೇಷ್ಠ ಬಂದಿದೆ, ಮೇ 17ರಿಂದ ಜೂನ್ 15. ಆಮೇಲಿನದೆಲ್ಲ ಮುಂದಕ್ಕೆ ಹೋಗಿದೆ. ಚೌತಿ ಹೋದ ವರ್ಷ ಆಗಸ್ಟ್ 27, ಈ ವರ್ಷ ಸೆಪ್ಟೆಂಬರ್ 14. ಅಧಿಕ ಮಾಸದಲ್ಲಿ ಮದುವೆ ಇಲ್ಲ, ಆ ಕಡೆಯ ಆರ್ಡರ್ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಇಳಿಯುವುದಿಲ್ಲ. ಆ ಹಾಳೆಗಳ ಮೇಲೆ ಒಣಮೀನು ಅಂತ ಉದ್ದಕ್ಕೆ ಬರೆದೆ.

ಆಗಸ್ಟ್ ಹಾಳೆ ತೆರೆದಾಗ ಅತ್ತೆಯನ್ನು ಕರೆದೆ. ಹೋದ ವರ್ಷ ಜುಲೈ 25ಕ್ಕೇ ಶ್ರಾವಣ ಹಿಡಿದಿತ್ತು. ದೋಣಿ ಇಳಿಯುವಷ್ಟರಲ್ಲಿ ನಮ್ಮ ಮನೆಗಳೆಲ್ಲ ಮೀನು ಬಿಟ್ಟಾಗಿತ್ತು. ಈ ವರ್ಷ ಶ್ರಾವಣ ಶುರುವಾಗುವುದು ಆಗಸ್ಟ್ 13ಕ್ಕೆ. ದೋಣಿಗಳು 1ಕ್ಕೇ ಇಳಿಯುತ್ತವೆ. ನಡುವೆ ಹನ್ನೆರಡು ದಿನ. ಸೋಮವಾರ, ಗುರುವಾರ, ಶನಿವಾರ ತೆಗೆದರೆ ಏಳು, 2ರ ಸಂಕಷ್ಟಿ, 9ರ ಏಕಾದಶಿಯನ್ನೂ ತೆಗೆದರೆ ಐದು. ಅತ್ತೆ ಕನ್ನಡಕ ಏರಿಸಿ ಒಂದೊಂದೇ ಮನೆ ಎಣಿಸಿದರು. ನಾನು ಐದಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. 4ರ ಮಂಗಳವಾರಕ್ಕೆ ಈಗಲೇ "ಇಸ್ವಾಣ" (ಅಂಜಲ್ ಮೀನು) ಅಂತ ಬರೆದಿದ್ದೇನೆ.